ಮ್ಯಾನೇಜರ್ ಕ್ಯಾಬಿನ್ನಿಗೂ ಸರ್ವರ್ ರೂಮಿಗೂ ನಡುವೆ

ಪತ್ರಿಕೋದ್ಯಮ ಓದಿದವರಿಗೆ ಕಂಪ್ಯೂಟರ್ ವಿಭಾಗದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹಳ್ಳಿಯ ಬಾವಿ ಬತ್ತಿದರೆ ಕಾರಣ ಹುಡುಕುವುದು, ಗ್ರಾಮಸಭೆಯಲ್ಲಿ ಕೂತು ನಡಾವಳಿ ಬರೆದುಕೊಳ್ಳುವುದು, ಇಂಥದ್ದನ್ನು ಕಲಿತು ಬಂದವರು ನಾವು. ಆದರೆ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮೂವರಿಗೂ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ನಮ್ಮಲ್ಲೊಬ್ಬ ಕರಾವಳಿಯ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿದ್ದ. ಒಬ್ಬಳು ಅದೇ ಪತ್ರಿಕೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದಳು. ಇನ್ನೊಬ್ಬ ತಾಲ್ಲೂಕು ವರದಿಗಾರ. ರಜೆಯ ದಿನ ಸೇರಿದಾಗ ಸಂಬಳ, ಬೈಲೈನು, ರಾತ್ರಿ ಪಾಳಿ ಎಲ್ಲ ಮಾತಾಡಿ ಮುಗಿದ ಮೇಲೆ ನಮ್ಮ ಚರ್ಚೆ ಬಂದು ನಿಲ್ಲುತ್ತಿದ್ದುದು ಇಬ್ಬರ ಮೇಲೆ. ಒಬ್ಬರು ಪತ್ರಿಕೆಯ ಜನರಲ್ ಮ್ಯಾನೇಜರ್, ಇನ್ನೊಬ್ಬರು ಸಿಸ್ಟಂ ವಿಭಾಗದ ಮುಖ್ಯಸ್ಥರು.

ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ಅವರವರ ಕೆಲಸ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅವರಿಬ್ಬರ ನಡುವೆ ಮಾತಿರಲಿಲ್ಲ. ಜಗಳವಾಡಿ ಮಾತು ಬಿಟ್ಟದ್ದೇನೂ ಅಲ್ಲ. ಎದುರು ಸಿಕ್ಕರೆ ನಮಸ್ಕಾರ, ದೀಪಾವಳಿಗೆ ಸಿಹಿ ಎಲ್ಲ ಇತ್ತು. ಕೆಲಸದ ಮಾತು ಮಾತ್ರ ಇರಲಿಲ್ಲ. ಈ ಮಾತಿಲ್ಲದ ಜಾಗದಲ್ಲಿ ಸಂಸ್ಥೆಗಳು ಏನೇನು ಕಳೆದುಕೊಳ್ಳುತ್ತವೆ, ಅದರ ಪೆಟ್ಟು ಕೊನೆಗೆ ಯಾರಿಗೆ ಬೀಳುತ್ತದೆ ಎಂಬುದನ್ನು ಕಂಡಷ್ಟು, ಓದಿದಷ್ಟು ಇಲ್ಲಿ ಬರೆಯುತ್ತಿದ್ದೇವೆ.

ಪತ್ರಿಕೆ ಓದುವವರಿಗೆ ಸಂಪಾದಕರು ಗೊತ್ತು, ವರದಿಗಾರರು ಗೊತ್ತು, ಪೇಪರ್ ಹಾಕುವ ಹುಡುಗ ಗೊತ್ತು. ಸಿಸ್ಟಂ ವಿಭಾಗ ಅಂತ ಒಂದಿದೆ ಎಂಬುದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ವರದಿಗಾರ ಕಳಿಸಿದ ಸುದ್ದಿ ಸರ್ವರಿಗೆ ಬರಬೇಕು. ಡೆಸ್ಕಿನವರು ತಿದ್ದಿ, ಪುಟ ಕಟ್ಟಿ, ಅದನ್ನು ಪಿಡಿಎಫ್ ಮಾಡಿ ಮುದ್ರಣಾಲಯಕ್ಕೆ ಕಳಿಸಬೇಕು. ಅಲ್ಲಿ ಪ್ಲೇಟ್ ಆಗಿ, ಅಚ್ಚಾಗಿ, ಬಂಡಲ್ ಕಟ್ಟಿ ವ್ಯಾನಿಗೆ ಏರಬೇಕು. ದೂರದ ತಾಲ್ಲೂಕಿನ ಪುಟ ಮೊದಲು ಮುಗಿಯಬೇಕು, ಊರಿನ ಪುಟ ಕೊನೆಗೆ. ಈ ಸರಪಳಿಯಲ್ಲಿ ಎಲ್ಲಿ ಅರ್ಧ ಗಂಟೆ ತಡವಾದರೂ ಘಟ್ಟದ ಬುಡದ ಹಳ್ಳಿಗೆ ಪೇಪರ್ ಮುಟ್ಟುವುದು ಮಧ್ಯಾಹ್ನಕ್ಕೆ. ಮಧ್ಯಾಹ್ನದ ಪೇಪರನ್ನು ಯಾರು ಕೊಳ್ಳುತ್ತಾರೆ? ಏಜೆಂಟ್ ಹಾಗೇ ವಾಪಸ್ ಕಳಿಸುತ್ತಾನೆ.

ಈ ಸರಪಳಿ ಕಡಿಯದ ಹಾಗೆ ನೋಡಿಕೊಳ್ಳುವುದು ಸಿಸ್ಟಂ ಸರ್ ಕೆಲಸ. ಯುಪಿಎಸ್ ಬ್ಯಾಟರಿಗಳು ಹಳೆಯದಾಗಿವೆ, ಬದಲಿಸಬೇಕು ಅಂತ ಅವರು ಮೂರು ಸಲ ಬರೆದುಕೊಟ್ಟಿದ್ದರು. ಬ್ಯಾಟರಿ ಬ್ಯಾಂಕಿನ ಬ್ಯಾಕಪ್ ಅವಧಿ ನಿಗದಿತ ಮಟ್ಟಕ್ಕಿಂತ ಕುಸಿದಿದೆ, ಮಾದರಿ ಸಂಖ್ಯೆ ಇಂಥದ್ದು, ಸಾಮರ್ಥ್ಯ ಇಷ್ಟು, ದರಪಟ್ಟಿ ಲಗತ್ತಿಸಿದೆ ಅಂತ. ಮ್ಯಾನೇಜರ್ ಮೂರು ಸಲವೂ ಬಾಯಿಮಾತಲ್ಲೇ ಉತ್ತರ ಕೊಟ್ಟರು. "ಈಗ ನಡೀತಾ ಉಂಟಲ್ಲ ಮಾರಾಯ್ರೆ? ಮುಂದಿನ ವರ್ಷ ನೋಡುವ." ಆ ವರ್ಷ ಜಾಹೀರಾತು ಇಳಿದಿತ್ತು, ಕಾಗದದ ಬೆಲೆ ಏರಿತ್ತು. ಅವರ ಮೇಜಿನ ಮೇಲೆ ಇದ್ದ ಹತ್ತು ಬೇಡಿಕೆಗಳಲ್ಲಿ ಇದೂ ಒಂದು, ಅದೂ ಅವರಿಗೆ ಅರ್ಥವಾಗದ ಭಾಷೆಯಲ್ಲಿದ್ದದ್ದು.

ಜೂನ್ ತಿಂಗಳ ಗಾಳಿಮಳೆಯ ಒಂದು ರಾತ್ರಿ ಕರೆಂಟು ಹೋಯಿತು. ಜನರೇಟರ್ ಹಿಡಿಯುವಷ್ಟರಲ್ಲಿ ಯುಪಿಎಸ್ ಕೈಕೊಟ್ಟಿತು. ಸರ್ವರ್ ಮತ್ತೆ ಎದ್ದಾಗ ಕಟ್ಟಿ ಮುಗಿಸಿದ್ದ ನಾಲ್ಕು ಪುಟಗಳು ತೆರೆಯಲಿಲ್ಲ. ಡೆಸ್ಕಿನವರು ಅವನ್ನು ಮೊದಲಿಂದ ಕಟ್ಟಿದರು. ವ್ಯಾನು ಒಂದೂವರೆ ಗಂಟೆ ತಡವಾಗಿ ಹೊರಟು, ಮುಂದೆ ಬಂಡಲ್ ಒಯ್ಯಬೇಕಿದ್ದ ಮೊದಲ ಬಸ್ಸು ತಪ್ಪಿತು. ಮರುದಿನದ ಸಭೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ: "ಸಿಸ್ಟಂನವರು ಎಂತ ಮಾಡ್ತಾ ಇದ್ರು?"

ಆ ಸಭೆಯ ಸುದ್ದಿ ಕೇಳಿ ನಾವು ಮಾತಾಡಿಕೊಂಡದ್ದು ಇಷ್ಟು. ಅದೇ ಬೇಡಿಕೆಯನ್ನು "ರಾತ್ರಿ ಹನ್ನೊಂದು ಗಂಟೆಗೆ ಕರೆಂಟು ಹೋದರೆ ಮರುದಿನ ಎರಡು ತಾಲ್ಲೂಕಿಗೆ ಪೇಪರ್ ಮುಟ್ಟುವುದಿಲ್ಲ" ಅಂತ ಒಂದು ಸಾಲಿನಲ್ಲಿ ಬರೆದಿದ್ದರೆ ಅವತ್ತೇ ಸಹಿ ಬೀಳುತ್ತಿತ್ತೋ ಏನೋ. ಮ್ಯಾನೇಜರ್ ಕೂಡ "ಇದನ್ನು ಕೊಳ್ಳದಿದ್ದರೆ ಏನಾಗುತ್ತದೆ?" ಅಂತ ಒಂದು ಪ್ರಶ್ನೆ ಕೇಳಬಹುದಿತ್ತು. ಇವರು ಹಾಗೆ ಬರೆಯಲಿಲ್ಲ, ಅವರು ಹಾಗೆ ಕೇಳಲಿಲ್ಲ.

ಬ್ಯಾಟರಿಯ ನಷ್ಟ ಒಂದು ದಿನದ್ದು. ಇನ್ನೊಂದು ನಷ್ಟ ಹಾಗಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಹಳೆಯ ಫಾಂಟುಗಳ ಕಥೆ ಗೊತ್ತೇ ಇರುತ್ತದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದರು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಜೋಡಣೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಪುಟ ಕಟ್ಟಲು ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿರಲಿಲ್ಲ. ಹಾಗಾಗಿ ಪತ್ರಿಕಾ ಕಚೇರಿಗಳಲ್ಲಿ ಹಳೆಯ ಫಾಂಟುಗಳು ಬಹಳ ಕಾಲ ಉಳಿದವು. ಈ ಪತ್ರಿಕೆಯಲ್ಲೂ ಹಾಗೆಯೇ.

ಮ್ಯಾನೇಜರ್ ಒಮ್ಮೆ ಬೆಂಗಳೂರಿಗೆ ಹೋಗಿದ್ದಾಗ ಬೇರೆ ಪತ್ರಿಕೆಗಳ ಹೊಸ ವೆಬ್‌ಸೈಟುಗಳನ್ನು ನೋಡಿ ಬಂದರು. ನಮ್ಮದೂ ಹಾಗೇ ಆಗಬೇಕು ಅನ್ನಿಸಿತು. ಅನ್ನಿಸಿದ್ದು ಸರಿಯೇ. ಮೊಬೈಲಿನಲ್ಲಿ ತೆರೆಯದ, ಹುಡುಕಿದರೆ ಸಿಗದ ವೆಬ್‌ಸೈಟ್ ಇಟ್ಟುಕೊಂಡು ಏನು ಮಾಡುವುದು? ಒಂದು ಕಂಪನಿಗೆ ಕೆಲಸ ಒಪ್ಪಿಸಿದರು, ಯುಗಾದಿಗೆ ಉದ್ಘಾಟನೆ ಅಂತ ದಿನವನ್ನೂ ಗೊತ್ತು ಮಾಡಿದರು. ಸಿಸ್ಟಂ ಸರ್‌ಗೆ ಇದು ತಿಳಿದದ್ದು ಆ ಕಂಪನಿಯ ಎಂಜಿನಿಯರ್ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದಾಗ. ಅವರಿಗೆ ಸಿಟ್ಟು ಬಂತು. "ನನ್ನ ಹತ್ರ ಕೇಳಿ ಮಾಡಿದ್ದಾ? ಇಲ್ಲ ಅಲ್ವಾ? ಅವರೇ ಮಾಡಿಕೊಳ್ಳಲಿ" ಅಂತ ಸುಮ್ಮನಾದರು. ಕೇಳಿದ್ದಕ್ಕಷ್ಟೇ ಉತ್ತರ, ಕೇಳದ್ದಕ್ಕೆ ಮೌನ.

ಕೇಳದೇ ಉಳಿದ ಪ್ರಶ್ನೆ ಒಂದಿತ್ತು. ಹಳೆಯ ಸುದ್ದಿಗಳ ಗತಿಯೇನು? ಹೊಸ ಕಂಪನಿಯ ಒಪ್ಪಂದದಲ್ಲಿ ಆ ಕೆಲಸ ಇರಲಿಲ್ಲ. ಹಳೆಯ ವೆಬ್‌ಸೈಟಿನ ವಾರ್ಷಿಕ ಬಾಡಿಗೆ ಮುಗಿದಾಗ ಖರ್ಚು ಉಳಿಸಲು ಅದನ್ನು ನವೀಕರಿಸಲಿಲ್ಲ. ಒಂಬತ್ತು ವರ್ಷದ ಸುದ್ದಿ ಜಾಲದಿಂದ ಇಳಿಯಿತು. ಪುಟಗಳ ಕಡತಗಳು ಒಂದಷ್ಟು ಹಾರ್ಡ್‌ಡಿಸ್ಕುಗಳಲ್ಲಿವೆ ಅಂತ ಹೇಳುತ್ತಾರೆ. ಆದರೆ ಅವನ್ನು ತೆರೆಯುವ ಹಳೆಯ ತಂತ್ರಾಂಶವಿರುವ ಕಂಪ್ಯೂಟರ್ ಗುಜರಿಗೆ ಹೋಗಿದೆ. ಬೈಂಡ್ ಮಾಡಿದ ಪ್ರತಿಗಳಿಲ್ಲವೇ ಅಂತ ನೀವು ಕೇಳಬಹುದು. ಇವೆ. ಆದರೆ ಬೈಂಡ್ ಆಗುತ್ತಿದ್ದದ್ದು ಪಟ್ಟಣದ ಆವೃತ್ತಿ ಮಾತ್ರ. ತಾಲ್ಲೂಕಿನ ಪುಟಗಳನ್ನು ಯಾರೂ ಕಟ್ಟಿಡಲಿಲ್ಲ.

ಹೀಗಾಗಿ ಕಳೆದುಹೋದದ್ದು ಮಂತ್ರಿಗಳ ಭಾಷಣವಲ್ಲ, ಸಿನಿಮಾ ಸುದ್ದಿಯೂ ಅಲ್ಲ. ಅವು ಬೇರೆ ಕಡೆ ಸಿಗುತ್ತವೆ. ಕಳೆದುಹೋದದ್ದು ಬಿಡಿ ಸುದ್ದಿಗಾರರು ಬಸ್ಸಿನಲ್ಲಿ ಓಡಾಡಿ ಸಾಲಿಗೆ ಇಷ್ಟು ಅಂತ ಸಂಭಾವನೆ ಪಡೆದು ಬರೆದ ಸಣ್ಣ ಸುದ್ದಿಗಳು. ಮುಚ್ಚಿದ ಶಾಲೆ, ಕೊಚ್ಚಿಹೋದ ಮೋರಿ, ಅರ್ಧಕ್ಕೆ ನಿಂತ ರಸ್ತೆ, ಯಾರೋ ಕೊಟ್ಟ ಭರವಸೆ.

ತಾಲ್ಲೂಕು ವರದಿಗಾರನಾಗಿದ್ದ ನಮ್ಮ ಗೆಳೆಯನ ಬಳಿಗೆ ಒಂದು ಹಳ್ಳಿಯವರು ಬಂದಿದ್ದರು. ಅವರ ಊರಿನ ಹೊಳೆಗೆ ಅಡಿಕೆ ಮರದ ಕಾಲುಸಂಕವೇ ಗತಿ. ಸೇತುವೆ ಬೇಕು ಅಂತ ವರ್ಷಗಳಿಂದ ಕೇಳುತ್ತಿದ್ದಾರೆ. ಅರ್ಜಿಯ ಜೊತೆ ಲಗತ್ತಿಸಲು ಹಳೆಯ ವರದಿಗಳ ಪ್ರತಿ ಬೇಕಿತ್ತು. ಅಧಿಕಾರಿಗಳು ಯಾವ ವರ್ಷ ಬಂದು ಅಳತೆ ಮಾಡಿದರು, ಯಾವ ಮಳೆಗಾಲದಲ್ಲಿ ಯಾರು ಬಿದ್ದರು ಎಂಬುದೆಲ್ಲ ಇದೇ ಪತ್ರಿಕೆಯಲ್ಲಿ ಬಂದಿತ್ತು. ಕಚೇರಿಯಲ್ಲಿ ಒಂದೂ ಸಿಗಲಿಲ್ಲ. ಕೊನೆಗೆ ಅದೇ ಊರಿನ ಅಜ್ಜರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಆರೇಳು ಕಟಿಂಗುಗಳು ಸಿಕ್ಕವು. ಅರ್ಜಿಗೆ ಲಗತ್ತಾದದ್ದು ಅವೇ.

ಇದಕ್ಕೆ ಯಾರನ್ನು ದೂರುವುದು? ಹಳೆಯದನ್ನು ಅಳಿಸಿ ಅಂತ ಮ್ಯಾನೇಜರ್ ಹೇಳಲಿಲ್ಲ. ಸಿಸ್ಟಂ ಸರ್ ಅಳಿಸಲೂ ಇಲ್ಲ. ಅದು ಉಳಿಯಬೇಕು ಅಂತ ಯಾರೂ ತೀರ್ಮಾನ ಮಾಡಲಿಲ್ಲ, ಅಷ್ಟೇ. ಹಳೆಯ ಸುದ್ದಿ ಸಂಸ್ಥೆಯ ಆಸ್ತಿ ಎಂಬುದು ಆಡಳಿತದ ಕಡೆಯವರಿಗೆ ಗೊತ್ತಿರಬೇಕಾದ ವಿಷಯ. ಫಾಂಟು ಬದಲಾದರೆ ಆ ಆಸ್ತಿ ಓದಲಾಗದ ಹಾಗೆ ಆಗುತ್ತದೆ ಎಂಬುದು ಸಿಸ್ಟಂನವರಿಗೆ ಗೊತ್ತಿದ್ದ ವಿಷಯ. ಎರಡೂ ಒಂದೇ ಮೇಜಿಗೆ ಬರಲೇ ಇಲ್ಲ.

ಸಿಸ್ಟಂ ವಿಭಾಗದವರೆಲ್ಲ ಪಾಪದವರು, ಮ್ಯಾನೇಜರುಗಳೆಲ್ಲ ಮೊಂಡರು ಅಂತ ಇದನ್ನು ಓದಬೇಡಿ. ನಾವು ಕಂಡ ಸಿಸ್ಟಂನವರಲ್ಲಿ ಎಲ್ಲದಕ್ಕೂ "ಆಗುವುದಿಲ್ಲ" ಅನ್ನುವವರಿದ್ದರು. ಪಾಸ್‌ವರ್ಡುಗಳನ್ನು ತಲೆಯಲ್ಲೇ ಇಟ್ಟುಕೊಂಡು, ತಾನಿಲ್ಲದಿದ್ದರೆ ಕಚೇರಿ ನಡೆಯಬಾರದು ಅನ್ನುವ ಹಾಗೆ ಇದ್ದವರೂ ಇದ್ದರು. ಪ್ರಸರಣ ವಿಭಾಗದವರು ಏಜೆಂಟರ ಬಾಕಿಯ ಪಟ್ಟಿ ಕೇಳಿದರೆ "ಸಾಫ್ಟ್‌ವೇರಿನಲ್ಲಿ ಅದು ಬರುವುದಿಲ್ಲ" ಅಂತ ಮಾತು ಮುಗಿಸುವುದು, ಯಾಕೆ ಬೇಕು ಅಂತ ಕೇಳದೇ ಇರುವುದು ಅವರ ಕಡೆಯ ತಪ್ಪು. ವ್ಯಾಪಾರ ಗೊತ್ತಿಲ್ಲದ ಸಿಸ್ಟಂ ಮುಖ್ಯಸ್ಥ, ಯಂತ್ರ ಗೊತ್ತಿಲ್ಲದ ಮ್ಯಾನೇಜರ್, ಇಬ್ಬರಿಂದಲೂ ಸಂಸ್ಥೆಗೆ ಅಪಾಯವೇ.

ಇದು ಸಣ್ಣ ಊರಿನ ಸಣ್ಣ ಸಂಸ್ಥೆಯ ರೋಗ ಅಂದುಕೊಂಡಿದ್ದ ನಮಗೆ ಓದುತ್ತಾ ಹೋದಂತೆ ಹಾಗಲ್ಲ ಅಂತ ತಿಳಿಯಿತು. ಅಮೆರಿಕದ ಕಂಪನಿಗಳಲ್ಲಿ ಮಾಹಿತಿ ವ್ಯವಸ್ಥೆಯ ಮುಖ್ಯಸ್ಥರನ್ನು ದೊಡ್ಡ ಅಧಿಕಾರಿಗಳ ಸಾಲಿನಲ್ಲಿ ಕೂರಿಸಬೇಕು ಎಂಬ ಮಾತು ಬಲವಾಗಿ ಕೇಳಿಬಂದದ್ದು 1980ರ ದಶಕದಲ್ಲಿ. ಸಿಐಒ, ಅಂದರೆ ಚೀಫ್ ಇನ್ಫರ್ಮೇಶನ್ ಆಫೀಸರ್ ಎಂಬ ಹುದ್ದೆ ಬಳಕೆಗೆ ಬಂದದ್ದು ಆಗಲೇ. ಹುದ್ದೆ ಬಂತು, ಕೂಡಲೇ ಸಂಬಂಧ ಸರಿಹೋಗಲಿಲ್ಲ. ಸಿಐಒ ಎಂದರೆ 'ಕೆರಿಯರ್ ಈಸ್ ಓವರ್' ಅಂತ ಆ ಅಧಿಕಾರಿಗಳೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಎಲ್ಲ ಸರಿಯಿದ್ದಾಗ ಇವರನ್ನು ಯಾರೂ ಕೇಳುವುದಿಲ್ಲ, ಕೆಟ್ಟ ದಿನ ಮಾತ್ರ ಎಲ್ಲರಿಗೂ ಇವರೇ ನೆನಪಾಗುತ್ತಾರೆ ಎಂಬ ನೋವು ಆ ತಮಾಷೆಯ ಹಿಂದಿದೆ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಉದಾಹರಣೆ ನೋಡಿ. 2018ರ ಏಪ್ರಿಲ್‌ನಲ್ಲಿ ಅದು ತನ್ನ ಸುಮಾರು 52 ಲಕ್ಷ ಗ್ರಾಹಕರ ಲೆಕ್ಕವನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಹೆಚ್ಚುಕಡಿಮೆ ಒಂದೇ ಸಲ ದಾಟಿಸಲು ಹೊರಟಿತು. ಹೊಸ ವ್ಯವಸ್ಥೆ ತಡಬಡಿಸಿ ಸುಮಾರು 19 ಲಕ್ಷ ಜನರಿಗೆ ತಮ್ಮದೇ ಖಾತೆ ತೆರೆಯಲು ಆಗಲಿಲ್ಲ. ಆಮೇಲೆ ನಡೆದ ಸ್ವತಂತ್ರ ತನಿಖೆಯಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಒಂದು, ಎರಡು ದತ್ತಾಂಶ ಕೇಂದ್ರಗಳ ಪೈಕಿ ಒಂದರಲ್ಲಿ ಮಾತ್ರ ಪೂರ್ವ ಪರೀಕ್ಷೆ ನಡೆದಿತ್ತು ಎಂಬುದು. ಒಮ್ಮೆ ಮುಂದಕ್ಕೆ ಹೋದ ಕೆಲಸ ಹೊಸ ದಿನಾಂಕಕ್ಕಾದರೂ ಹೇಗೆ ಮುಗಿಯುತ್ತದೆ ಎಂದು ಆಡಳಿತ ಮಂಡಳಿ ಸಾಕಷ್ಟು ಪ್ರಶ್ನೆ ಮಾಡಲಿಲ್ಲ ಎಂಬುದು ಇನ್ನೊಂದು. ಮುಖ್ಯ ಕಾರ್ಯನಿರ್ವಾಹಕ ಪಾಲ್ ಪೆಸ್ಟರ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹುದ್ದೆ ಬಿಟ್ಟರು. 2022ರ ಕೊನೆಗೆ ಬ್ಯಾಂಕಿಗೆ 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ಬಿತ್ತು. 2023ರಲ್ಲಿ ಆ ಕಾಲದ ಸಿಐಒ ಕಾರ್ಲೋಸ್ ಅಬಾರ್ಕಾ ಅವರಿಗೆ ವೈಯಕ್ತಿಕವಾಗಿಯೇ 81,620 ಪೌಂಡ್ ದಂಡ. ದಿನಾಂಕ ಹಿಡಿದು ಕೂತವರೂ ಕೆಲಸ ಸಿದ್ಧವಿದೆ ಅಂತ ಭರವಸೆ ಕೊಟ್ಟವರೂ ಇಬ್ಬರೂ ಬೆಲೆ ತೆತ್ತರು. ಸಂಬಳ ಬಂತೋ ಇಲ್ಲವೋ ಅಂತ ತಿಳಿಯದೆ ಕೂತ ಗ್ರಾಹಕರ ಪಾಡು ಬೇರೆಯೇ.

ನಮ್ಮಲ್ಲೂ ಇದೆ. 2020ರ ನವೆಂಬರ್ 21ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಪ್ರಮುಖ ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ ಕೈಕೊಟ್ಟು ಇಂಟರ್‌ನೆಟ್ ಬ್ಯಾಂಕಿಂಗ್ ಮತ್ತು ಪಾವತಿ ವ್ಯವಸ್ಥೆ ನಿಂತವು. ದೇಶದ ದೊಡ್ಡ ಖಾಸಗಿ ಬ್ಯಾಂಕಿಗೂ ಕರಾವಳಿಯ ಪತ್ರಿಕೆಗೂ ಕಾಡಿದ್ದು ಕರೆಂಟೇ! ಹಿಂದಿನ ಎರಡು ವರ್ಷಗಳಲ್ಲೂ ಇಂಥ ತೊಂದರೆಗಳು ಆಗಿದ್ದರಿಂದ ರಿಸರ್ವ್ ಬ್ಯಾಂಕ್ ಡಿಸೆಂಬರ್‌ನಲ್ಲಿ ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರನ್ನು ಸೇರಿಸುವುದನ್ನೂ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಿತು. ಲೋಪವನ್ನು ಪರಿಶೀಲಿಸಿ ಹೊಣೆ ನಿಗದಿ ಮಾಡಿ ಅಂತ ಅದು ಸೂಚಿಸಿದ್ದು ಬ್ಯಾಂಕಿನ ಆಡಳಿತ ಮಂಡಳಿಗೆ. ನಿರ್ಬಂಧ ಪೂರ್ತಿ ತೆರವಾಗಲು 2022ರ ಮಾರ್ಚ್ ಬರಬೇಕಾಯಿತು.

ಆಮೇಲೆ 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾಹಿತಿ ತಂತ್ರಜ್ಞಾನದ ಆಡಳಿತದ ಬಗ್ಗೆ ವಿವರವಾದ ನಿರ್ದೇಶನ ಹೊರಡಿಸಿತು. ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬ್ಯಾಂಕುಗಳ ಆಡಳಿತ ಮಂಡಳಿಯ ಮಟ್ಟದಲ್ಲೇ ಒಂದು ಐಟಿ ಸಮಿತಿ ಇರಬೇಕು. ಅದರ ಅಧ್ಯಕ್ಷರು ಐಟಿ ಗೊತ್ತಿರುವ ಸ್ವತಂತ್ರ ನಿರ್ದೇಶಕರಾಗಿರಬೇಕು. ಕನಿಷ್ಠ ಮೂರು ತಿಂಗಳಿಗೊಮ್ಮೆ ಸೇರಬೇಕು. ಮಾಹಿತಿ ಸುರಕ್ಷತೆಯ ಅಧಿಕಾರಿ ಐಟಿ ಮುಖ್ಯಸ್ಥರ ಕೈಕೆಳಗೆ ಇರಬಾರದು, ಅವರಿಗೆ ವ್ಯಾಪಾರದ ಗುರಿ ಕೊಡಬಾರದು. ಸರಳವಾಗಿ ಹೇಳುವುದಾದರೆ, ಇವರಿಬ್ಬರೂ ಒಂದೇ ಮೇಜಿಗೆ ಕೂತು ಮಾತಾಡಲೇಬೇಕು ಅಂತ ಕಾನೂನು ಮಾಡಬೇಕಾಯಿತು.

ಹಳ್ಳಿಯ ಸೊಸೈಟಿಗೆ ಇಂಥ ಸಮಿತಿ ಎಲ್ಲಿಂದ ಬರಬೇಕು? ಅಲ್ಲಿ ಮ್ಯಾನೇಜರ್ ಅಂದರೆ ಕಾರ್ಯದರ್ಶಿ, ಮಾಹಿತಿ ವ್ಯವಸ್ಥೆಯ ಮುಖ್ಯಸ್ಥೆ ಅಂದರೆ ಕಂಪ್ಯೂಟರ್ ಗೊತ್ತಿರುವ ಹುಡುಗಿ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು ಗಣಕೀಕರಣ ಮಾಡುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2022ರ ಜೂನ್‌ನಲ್ಲಿ. ಒಳ್ಳೆಯ ಕೆಲಸವೇ. ಆದರೆ ಸಾಫ್ಟ್‌ವೇರ್ ಬದಲಿಸುವ ದಿನ ಯಾವುದು ಎಂಬುದು ಸಂಘದ ಮಟ್ಟಿಗೆ ದೊಡ್ಡ ತೀರ್ಮಾನ. ನಮಗೆ ಗೊತ್ತಿರುವ ಒಂದು ಸೊಸೈಟಿಯಲ್ಲಿ, ತಮ್ಮದೇ ಹಳೆಯ ಸಾಫ್ಟ್‌ವೇರ್ ಬದಲಿಸಲು ಮಾರ್ಚ್ ತಿಂಗಳನ್ನು ಗೊತ್ತು ಮಾಡಿದರು. ಮಾರ್ಚ್ ಎಂದರೆ ಬೆಳೆಸಾಲ ಕಟ್ಟಿ ನವೀಕರಿಸುವ ಗಡಿಬಿಡಿ, ವಾಯಿದೆ ತಪ್ಪಿದರೆ ಬಡ್ಡಿ ರಿಯಾಯಿತಿಗೆ ಕುತ್ತು. ಜನ ಪಾಸ್‌ಬುಕ್ ಹಿಡಿದು ಮೂರು ಮೂರು ಸಲ ಅಲೆದರು. "ನನ್ನ ಹತ್ರ ಒಂದು ಮಾತು ಕೇಳಿದ್ರೆ ಮೇ ತಿಂಗಳಲ್ಲಿ ಇಟ್ಟುಕೊಳ್ಳುವ ಸರ್ ಅಂತಿದ್ದೆ" ಎಂದಳು ಆ ಹುಡುಗಿ. ಯಾವ ತಿಂಗಳು ಕೌಂಟರ್ ಮುಂದೆ ಎಷ್ಟು ಜನ ನಿಲ್ಲುತ್ತಾರೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರದ ಮುಂದೆ ಕೂತವರಿಗೆ ವ್ಯಾಪಾರ ಗೊತ್ತಿರುವುದಿಲ್ಲ ಎಂಬ ನಂಬಿಕೆ ಇದೆಯಲ್ಲ, ಅದು ಎಷ್ಟೋ ಸಲ ಸುಳ್ಳು.

ಕೂಡಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಪಹಣಿ ಗಣಕೀಕರಣದ 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯ ಪರವಾಗಿ ಅದನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ, ತಂತ್ರಾಂಶ ಮಾಡಿದ್ದು ಎನ್‌ಐಸಿ. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆದರೆ ಅದು ನಿಂತದ್ದು ಕಂಪ್ಯೂಟರಿನಿಂದ ಅಲ್ಲ, ಅದರ ಜೊತೆ ತೆಗೆದುಕೊಂಡ ಆಡಳಿತದ ತೀರ್ಮಾನಗಳಿಂದ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದರು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ ಪ್ರತಿ ಪಡೆಯಬಹುದು ಎಂದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂದರು. ಈ ಒಂದೊಂದು ನಿಯಮಕ್ಕೂ ಆಡಳಿತ ಗೊತ್ತಿರುವವರೂ ಬೇಕು, ಯಂತ್ರ ಗೊತ್ತಿರುವವರೂ ಬೇಕು. 'ಭೂಮಿ'ಯ ಬಗ್ಗೆ ಟೀಕೆಗಳಿವೆ, ಸರ್ವರ್ ಕಾಯುತ್ತಾ ಕೂತ ರೈತರನ್ನು ನಾವೂ ಕಂಡಿದ್ದೇವೆ. ಆದರೂ ನಿಯಮ ಮತ್ತು ಯಂತ್ರ ಒಟ್ಟಿಗೆ ಬದಲಾದ ಕೆಲಸ ಅದು ಎಂಬುದನ್ನು ಒಪ್ಪಲೇಬೇಕು.

ಈಗ ನಮ್ಮ ವೃತ್ತಿಗೆ ಬರೋಣ. 'ಸರ್ವರ್ ಡೌನ್, ಜನರ ಪರದಾಟ' ಎಂಬ ತಲೆಬರಹವನ್ನು ನಾವೆಲ್ಲ ಎಷ್ಟು ಸಲ ಕೊಟ್ಟಿಲ್ಲ? ನ್ಯಾಯಬೆಲೆ ಅಂಗಡಿ, ನಾಡಕಚೇರಿ, ನೋಂದಣಿ ಕಚೇರಿ, ಎಲ್ಲ ಕಡೆ ಅದೇ. ಸಾಲು ನಿಂತವರ ಫೋಟೊ, ಇಬ್ಬರ ಹೇಳಿಕೆ, 'ತಾಂತ್ರಿಕ ದೋಷ, ಶೀಘ್ರ ಸರಿಪಡಿಸಲಾಗುವುದು' ಎಂಬ ಅಧಿಕಾರಿಯ ಒಂದು ಸಾಲು. ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಸೇತುವೆ ಕುಸಿದರೆ ಗುತ್ತಿಗೆದಾರ ಯಾರು, ಮಂಜೂರು ಮಾಡಿದ್ದು ಯಾರು, ಎಂಜಿನಿಯರ್ ಮೊದಲೇ ಎಚ್ಚರಿಸಿದ್ದರೇ ಅಂತ ಕೇಳುವ ನಾವು ಸರ್ವರ್ ಕುಸಿದರೆ ಯಾಕೆ ಕೇಳುವುದಿಲ್ಲ?

ಮುಂದಿನ ಸಲ ಅಂಥ ಸುದ್ದಿಗೆ ಹೋದಾಗ ಮೂರು ಪ್ರಶ್ನೆ ಜೇಬಿನಲ್ಲಿರಲಿ ಅಂತ ನಾವು ಮೂವರೂ ಮಾತಾಡಿಕೊಂಡಿದ್ದೇವೆ. ಈ ವ್ಯವಸ್ಥೆಗೆ ಬದಲಾಗುವ ದಿನವನ್ನು ಯಾರು ನಿಗದಿ ಮಾಡಿದರು? ಆ ಸಭೆಯಲ್ಲಿ ಇದನ್ನು ನಡೆಸಬೇಕಾದವರು ಇದ್ದರೇ? ಅವರು ಬರವಣಿಗೆಯಲ್ಲಿ ಏನಾದರೂ ಕೇಳಿದ್ದರೆ ಅದಕ್ಕೆ ಏನು ಉತ್ತರ ಕೊಟ್ಟರು? ಮೂರನೆಯ ಪ್ರಶ್ನೆಯನ್ನು ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ದೊಡ್ಡ ಸಾಹೇಬರ ಹೇಳಿಕೆ ಪಡೆದು ವಾಪಸ್ ಬರುವ ಮೊದಲು ಸರ್ವರ್ ರೂಮಿನ ಬಾಗಿಲನ್ನೂ ಒಮ್ಮೆ ತಟ್ಟಿ ಬರೋಣ. ಅಲ್ಲಿರುವವರನ್ನು ಇಷ್ಟು ದಿನ ಯಾರೂ ಏನೂ ಕೇಳಿಲ್ಲ. ಹೇಳುವುದು ಅವರ ಬಳಿ ಬೇಕಾದಷ್ಟಿರುತ್ತದೆ.